ಒಂದು ಬಿಟ್ಟು ಒಂದು ತಂತಿ ಮೌನವೇ? ಹಳೇ ಸ್ಟೀರಿಯೊ ಗಿಟಾರ್ ರಿಪೇರಿ ಹೀಗೆ ಮಾಡಿ

ಹಳೇ ಓವೇಷನ್ ಗಿಟಾರ್ ಒಂದನ್ನು ಆಂಪ್‌ಗೆ ಜೋಡಿಸಿದಿರಿ. ದಪ್ಪ ತಂತಿ ಗುಂಯ್ ಅಂತು. ಅದರ ಪಕ್ಕದ್ದು ಉಸಿರೇ ಇಲ್ಲ. ಅದರಾಚೆಯದು ಚೆನ್ನಾಗಿದೆ, ಮುಂದಿನದು ಮತ್ತೆ ಸುಮ್ಮನೆ. ಇಂಥ ಗಿಟಾರ್ ಕಂಡವರು ‘ಪಿಕಪ್ ಹೋಯ್ತು, ಬಿಡಿ’ ಅಂದುಬಿಡುತ್ತಾರೆ. ಪಿಕಪ್ ಅಂದರೆ ತಂತಿಯ ಸದ್ದು ಹಿಡಿಯುವ ಭಾಗ, ಅದು ಕೆಡುವುದು ಅಪರೂಪ. ಎಷ್ಟೋ ಸಲ ತೊಂದರೆ ಇರುವುದು ಕೈಯಲ್ಲಿ ಹಿಡಿದ ಕೇಬಲ್‌ನಲ್ಲೇ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್, 1960ರ ದಶಕದಲ್ಲಿ ಓವೇಷನ್ ಗಿಟಾರ್ ಶುರು ಮಾಡಿದರು. ಸ್ವತಃ ಗಿಟಾರ್ ನುಡಿಸುತ್ತಿದ್ದವರು. ಹಿಂಭಾಗ ಮರದ್ದಲ್ಲ, ಫೈಬರ್‌ಗ್ಲಾಸ್‌ನ ಉಬ್ಬಿದ ಬಟ್ಟಲು. ತಂತಿಗಳು ಕೂರುವ ಪಟ್ಟಿ, ಅಂದರೆ ಸ್ಯಾಡಲ್ ಕೆಳಗೆ, ಒಂದೊಂದು ತಂತಿಗೂ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಒಂದೊಂದು ಪೀಜೋ ಹರಳು. 70ರ ದಶಕದ ಕೆಲವು ಮಾದರಿಗಳಲ್ಲಿ ಈ ಆರು ಹರಳುಗಳನ್ನು ಎರಡು ಗುಂಪು ಮಾಡಿ, ಒಂದು ಬಿಟ್ಟು ಒಂದು ತಂತಿಯನ್ನು ಬೇರೆ ಬೇರೆ ಚಾನಲ್‌ಗೆ ಕಳಿಸಿದರು. ಎರಡು ಸ್ಪೀಕರ್‌ನಲ್ಲಿ ಕೇಳಿದರೆ ಬೆರಳಾಟ ಎಡಕ್ಕೂ ಬಲಕ್ಕೂ ಹಾರಾಡುತ್ತದೆ. ಕೇಳಲು ಮಜಾ. ರಿಪೇರಿಗೆ ಕೂತವರಿಗೂ ಇದರಿಂದ ಲಾಭವಿದೆ, ಅದನ್ನು ಆಮೇಲೆ ನೋಡೋಣ.

ಮೊದಲು ತಂತಿ ಎಣಿಸಿ

ಸ್ಕ್ರೂಡ್ರೈವರ್ ಇನ್ನೂ ಮುಟ್ಟಬೇಡಿ. ಒಂದೊಂದೇ ತಂತಿ ಮೀಟಿ, ಯಾವುದು ಕೇಳುತ್ತದೆ, ಯಾವುದು ಇಲ್ಲ ಅಂತ ಬರೆದುಕೊಳ್ಳಿ. ಆರೂ ಮೌನವಾಗಿದ್ದರೆ ಬ್ಯಾಟರಿ ಅಥವಾ ಕೇಬಲ್ ಸಿಕ್ಕಿಸುವ ಜಾಕ್ ನೋಡಬೇಕು. ಒಂದು ಬಿಟ್ಟು ಒಂದು ಮೌನವಾಗಿದ್ದರೆ ಒಂದು ಚಾನಲ್ ಪೂರ್ತಿ ಹೋಗಿದೆ ಎಂದರ್ಥ. ಒಂದೇ ಒಂದು ತಂತಿ ಮಂಕಾಗಿದ್ದರೆ ಸ್ಯಾಡಲ್ ಸರಿಯಾಗಿ ಕೂತಿಲ್ಲ. ಈ ಒಂದು ನಿಮಿಷದ ಕೆಲಸ ಅರ್ಧ ದಿನ ಉಳಿಸುತ್ತದೆ.

ಕೇಬಲ್ ಯಾವುದು?

ಸ್ಟೀರಿಯೊ ಪ್ಲಗ್‌ನಲ್ಲಿ ಮೂರು ಭಾಗ: ತುದಿಯ ಟಿಪ್, ನಡುವಿನ ರಿಂಗ್, ಬುಡದ ಸ್ಲೀವ್. ಒಂದು ಚಾನಲ್ ಟಿಪ್‌ನಲ್ಲಿ, ಇನ್ನೊಂದು ರಿಂಗ್‌ನಲ್ಲಿ, ನೆಲ ಅಂದರೆ ಗ್ರೌಂಡ್ ಸ್ಲೀವ್‌ನಲ್ಲಿ. ಮಾಮೂಲಿ ಮೊನೊ ಗಿಟಾರ್ ಕೇಬಲ್‌ನ ಪ್ಲಗ್‌ನಲ್ಲಿ ರಿಂಗ್ ಇಲ್ಲ, ಆ ಜಾಗದಲ್ಲೂ ಸ್ಲೀವೇ ಇದೆ. ಅದನ್ನು ತೂರಿಸಿದ ಕೂಡಲೇ ರಿಂಗ್‌ನ ಚಾನಲ್ ನೇರ ಗ್ರೌಂಡ್‌ಗೆ ಶಾರ್ಟ್. ಮೂರು ತಂತಿ ಮಾಯ! ಗಿಟಾರ್‌ನಲ್ಲಿ ಏನೂ ಕೆಟ್ಟಿಲ್ಲ.

ಬೇಕಾಗಿರುವುದು ವೈ ಕೇಬಲ್. ಒಂದು ಕಡೆ ಕಾಲು ಇಂಚಿನ ಸ್ಟೀರಿಯೊ ಪ್ಲಗ್, ಇನ್ನೊಂದು ಕಡೆ ಎರಡು ಮೊನೊ ಪ್ಲಗ್. ಅಂಗಡಿಯಲ್ಲಿ ‘ಇನ್ಸರ್ಟ್ ಕೇಬಲ್’ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ಆದರೆ ಒಂದು ಮೊನೊ ಪ್ಲಗ್ ಎರಡಾಗಿ ಕವಲೊಡೆಯುವ ಕೇಬಲ್ ಕೊಟ್ಟರೆ ವಾಪಸ್ ಮಾಡಿ, ಅದು ನಮಗೆ ಆಗದು. ಎರಡೂ ತುದಿಗೆ ಸ್ಟೀರಿಯೊ ಪ್ಲಗ್ ಇರುವ ಕೇಬಲ್‌ನಿಂದ ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕುವುದೂ ಬೇಡ. ಆ ಇನ್‌ಪುಟ್ ಟಿಪ್‌ನಿಂದ ರಿಂಗನ್ನು ಕಳೆಯುತ್ತದೆ. ಸದ್ದು ತೆಳ್ಳಗಾಗುತ್ತದೆ.

ವೈ ಕೇಬಲ್ ಹಾಕಿದ ಮೇಲೂ ಒಂದು ಕಡೆ ಮೌನವೇ? ಆಂಪ್ ಕಡೆಯ ಎರಡು ಪ್ಲಗ್‌ಗಳನ್ನು ಅದಲು ಬದಲು ಮಾಡಿ. ಮೌನ ಅದೇ ಇನ್‌ಪುಟ್‌ನಲ್ಲಿ ಉಳಿದರೆ ತಪ್ಪು ಆಂಪ್‌ನದ್ದು. ಪ್ಲಗ್ ಜೊತೆಗೇ ಜಾಗ ಬದಲಿಸಿದರೆ ಕೇಬಲ್ಲೋ ಗಿಟಾರೋ ಅಂತ ನೋಡಬೇಕು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಟಿಪ್‌ನಿಂದ ಒಂದು ಕವಲಿನ ತುದಿಗೆ, ರಿಂಗ್‌ನಿಂದ ಇನ್ನೊಂದರ ತುದಿಗೆ, ಸ್ಲೀವ್‌ನಿಂದ ಎರಡರ ಬುಡಕ್ಕೂ ಪರೀಕ್ಷಿಸಿ. ಹಾಗೆ ಮಾಡುವಾಗ ಕೇಬಲನ್ನು ಪ್ಲಗ್ ಹತ್ತಿರ ಬಾಗಿಸಿ ಅಲ್ಲಾಡಿಸಿ. ಬೀಪ್ ತುಂಡು ತುಂಡಾದರೆ ಒಳಗೆ ವೈರ್ ಮುರಿದಿದೆ.

ಬ್ಯಾಟರಿ, ಮತ್ತೆ ಆ ಜಾಕ್

ಪೀಜೋ ಹರಳಿನಿಂದ ಬರುವ ಸಿಗ್ನಲ್ ತುಂಬಾ ನಾಜೂಕು. ಅದನ್ನು ಹಿಡಿದು ಕೇಬಲ್‌ಗೆ ದಾಟಿಸಲು ಒಳಗೊಂದು ಪ್ರೀಆಂಪ್ ಇರುತ್ತದೆ, ಅದಕ್ಕೆ 9 ವೋಲ್ಟ್ ಬ್ಯಾಟರಿ. ಹೊಸ ಆಲ್ಕಲೈನ್ ಬ್ಯಾಟರಿ ಸಾಮಾನ್ಯವಾಗಿ 9ಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಗಿಟಾರ್‌ಗೆ ಕೇಬಲ್ ಹಾಕಿಟ್ಟೇ ಅಳೆಯಿರಿ. ಸುಮ್ನೆ ಹೊರಗೆ ತೆಗೆದು ಅಳೆದರೆ ಸತ್ತ ಬ್ಯಾಟರಿಯೂ ಗಟ್ಟಿಮುಟ್ಟಾಗಿರುವಂತೆ ನಟಿಸುತ್ತದೆ. 8ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ. ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಬ್ಯಾಟರಿ ಕ್ಲಿಪ್ಪನ್ನೂ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಬ್ಯಾಟರಿ ಚೆನ್ನಾಗಿದ್ದು ಪ್ರೀಆಂಪ್ ಬೋರ್ಡ್‌ಗೆ ವೋಲ್ಟೇಜ್ ತಲುಪದಿದ್ದರೆ ಗುಮಾನಿ ಜಾಕ್ ಮೇಲೆ. ಬ್ಯಾಟರಿಯ ಸ್ವಿಚ್ ಇರುವುದು ಅಲ್ಲೇ. ಬ್ಯಾಟರಿ ಇರುವ ಮಾಮೂಲಿ ಮೊನೊ ಗಿಟಾರ್‌ಗಳಲ್ಲಿ ಬ್ಯಾಟರಿಯ ಮೈನಸ್ ಅನ್ನು ರಿಂಗ್‌ಗೆ ಕಟ್ಟಿರುತ್ತಾರೆ. ಮೊನೊ ಪ್ಲಗ್ ತೂರಿಸಿದಾಗ ರಿಂಗೂ ಸ್ಲೀವೂ ಸೇರಿ ಬ್ಯಾಟರಿ ಆನ್. ಸ್ಟೀರಿಯೊ ಗಿಟಾರ್‌ನಲ್ಲಿ ರಿಂಗ್ ಖಾಲಿ ಇಲ್ಲ. ಹಾಗಾಗಿ ಜಾಕ್‌ನಲ್ಲೇ ಬೇರೆ ಎರಡು ಲೋಹದ ಎಲೆಗಳ ಸ್ವಿಚ್ ಬೇಕು. ಪ್ಲಗ್ ಒಳಗೆ ಬಂದಾಗ ಎಲೆಗಳು ಒಂದಕ್ಕೊಂದು ತಾಗುತ್ತವೆ. ನಲವತ್ತೈವತ್ತು ವರ್ಷದಲ್ಲಿ ಈ ಎಲೆಗಳ ಬಿಗಿ ಸಡಿಲವಾಗುತ್ತದೆ, ಮೇಲೆ ಕಪ್ಪು ಪದರ ಕಟ್ಟುತ್ತದೆ.

ಇಲ್ಲೊಂದು ಎಚ್ಚರಿಕೆ. ಹಿಂದಿನ ಮಾಲೀಕರು ಯಾವಾಗಲೋ ಮಾಮೂಲಿ ಜಾಕ್ ಹಾಕಿಸಿ ಬ್ಯಾಟರಿಯನ್ನು ರಿಂಗ್‌ಗೆ ಕಟ್ಟಿಸಿರಬಹುದು. ಗುರುತು ಸುಲಭ: ಮೊನೊ ಕೇಬಲ್ ಹಾಕಿದರೆ ಗಿಟಾರ್ ನುಡಿಯುತ್ತದೆ, ವೈ ಕೇಬಲ್ ಹಾಕಿದರೆ ಆರೂ ತಂತಿ ಬಂದ್. ಅಂಥದ್ದಕ್ಕೆ ಸ್ವಿಚ್ ಇರುವ ಸ್ಟೀರಿಯೊ ಜಾಕನ್ನು ಮತ್ತೆ ಹಾಕಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಜಾಕ್ ಹುಡುಕುವವರು ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ.

ಒಳಗೆ ಕೈ ಹಾಕುವುದು

ತಂತಿಗಳನ್ನು ಸಡಿಲಿಸಿ, ದುಂಡನೆಯ ತೂತಿನಿಂದಲೇ ಕೆಲಸ. ಜಾಕ್‌ನ ನಟ್ ಬಿಚ್ಚುವಾಗ ಒಳಗಿನಿಂದ ಜಾಕನ್ನು ಹಿಡಿದಿರಿ. ಇಲ್ಲದಿದ್ದರೆ ನಟ್ ಜೊತೆ ಜಾಕೂ ತಿರುಗಿ ವೈರ್ ಕಿತ್ತು ಬರುತ್ತದೆ. ಜಾಕನ್ನು ಒಳಗೆ ಎಳೆಯುವ ಮೊದಲು ಅದರ ಮೂತಿಗೆ ದಾರ ಕಟ್ಟಿ, ಇನ್ನೊಂದು ತುದಿ ಹೊರಗೆ ಉಳಿಯಲಿ. ವಾಪಸ್ ಕೂರಿಸುವಾಗ ಆ ದಾರ ಎಳೆದರೆ ಜಾಕ್ ತಾನಾಗಿ ತೂತಿಗೆ ಬರುತ್ತದೆ.

ಎಲೆಗಳನ್ನು ಸ್ವಚ್ಛ ಮಾಡಲು ಉಪ್ಪುಕಾಗದ ಬೇಡ, ಮೇಲಿನ ಲೇಪವೇ ಹೋಗುತ್ತದೆ. ದಪ್ಪ ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ, ಎಲೆಗಳ ನಡುವೆ ಇಟ್ಟು, ಮೆತ್ತಗೆ ಒತ್ತಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ನಿಲ್ಲುವವರೆಗೆ ಹೊಸ ಪಟ್ಟಿ ಹಾಕುತ್ತಿರಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಿಂಪಡಿಸಿ, ನಾಬನ್ನು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಬಾಗಿಲ ಚಿಲಕಕ್ಕೆ ಹಾಕುವ ಎಣ್ಣೆ ಇಲ್ಲಿಗೆ ಸಲ್ಲ.

ಈಗ ಸ್ಟೀರಿಯೊದ ಲಾಭಕ್ಕೆ ಬರೋಣ. ಒಳಗಿರುವುದು ಒಂದೇ ಥರದ ಎರಡು ಸರ್ಕ್ಯೂಟ್. ಹಳೇ ಗಿಟಾರ್‌ಗೆ ನಕ್ಷೆ ಸಿಗುವುದು ಕಷ್ಟ, ಆದರೆ ಕೆಲಸ ಮಾಡುತ್ತಿರುವ ಚಾನಲ್ಲೇ ನಿಮ್ಮ ನಕ್ಷೆ. ಬೋರ್ಡ್‌ನ ಒಂದು ಜಾಗದಲ್ಲಿ ಒಳ್ಳೆ ಚಾನಲ್‌ನ ವೋಲ್ಟೇಜ್ ಅಳೆಯಿರಿ, ಅದೇ ಜಾಗದಲ್ಲಿ ಕೆಟ್ಟದ್ದನ್ನೂ ಅಳೆಯಿರಿ. ಎಲ್ಲಿ ಅಂಕಿ ಬೇರೆಯಾಯಿತೋ ಅಲ್ಲಿ ನಿಲ್ಲಿ. ಬೆಸುಗೆ ಮಂಕಾಗಿ, ಬಿಡಿಭಾಗದ ಕಾಲಿನ ಸುತ್ತ ಕೂದಲೆಳೆಯಷ್ಟು ಸೀಳು ಕಂಡರೆ ಮತ್ತೆ ಕಾಯಿಸಿ ಹೊಸ ಸೀಸ ಹಾಕಿ. ಒಂದು ಚಾನಲ್‌ನಲ್ಲಿ ಮಾತ್ರ ದಪ್ಪ ಸ್ವರ ಸೊರಗಿದ್ದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರುವ ಸಾಧ್ಯತೆ ಜಾಸ್ತಿ. ಅದೇ ಮೌಲ್ಯದ್ದು, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನದ್ದು ಹಾಕಿ. ಪ್ಲಸ್ ಮೈನಸ್ ತಿರುಗುಮುರುಗಾಗದಿರಲಿ.

ಪೀಜೋ ಹರಳನ್ನು ಓಮ್ಸ್‌ನಲ್ಲಿ ಅಳೆದರೆ ‘ಓಪನ್’ ತೋರಿಸುತ್ತದೆ. ಗಾಬರಿ ಬೇಡ, ಅದು ಹಾಗೇ. ಸೊನ್ನೆ ತೋರಿಸಿದರೆ ಮಾತ್ರ ಶಾರ್ಟ್ ಇದೆ.

ಒಂದೇ ತಂತಿ ಮಂಕಾದಾಗ

ತಂತಿ ಒತ್ತಿದ ಭಾರ ಹರಳಿಗೆ ಸಮನಾಗಿ ತಲುಪಬೇಕು. ಸ್ಯಾಡಲ್ ಕೆಳಗೆ ಧೂಳು ಸೇರಿದರೆ, ಎತ್ತರ ಹೊಂದಿಸಲು ಇಟ್ಟ ತೆಳು ಪಟ್ಟಿ ಓರೆಯಾದರೆ, ಆ ಜಾಗದ ತಂತಿ ಸೊರಗುತ್ತದೆ. ತಂತಿ ತೆಗೆದು ಸ್ಯಾಡಲನ್ನು ಮೆಲ್ಲಗೆ ಎತ್ತಿ. ಕೆಳಗೆ ವೈರ್ ಇದೆ, ಜಗ್ಗಬೇಡಿ. ತೋಡನ್ನು ಒಣ ಬ್ರಷ್‌ನಿಂದ ಗುಡಿಸಿ ಮತ್ತೆ ಕೂರಿಸಿ, ತಂತಿಗಳನ್ನು ಪೂರ್ತಿ ಶ್ರುತಿಗೆ ತಂದ ಮೇಲೇ ಪರೀಕ್ಷೆ ಮಾಡಿ. ಸಡಿಲ ತಂತಿಯಲ್ಲಿ ಸದ್ದಿನ ಸಮತೋಲ ತಿಳಿಯದು.

ಗುಂಯ್‌ಗುಡುತ್ತಿದ್ದರೆ

ಒಂದೇ ಚಾನಲ್‌ನಲ್ಲಿ ತಂತಿ ಮೀಟದಿದ್ದರೂ ಗುಂಯ್ ಅಂದರೆ ಆ ವೈರಿನ ಹೊರಹೆಣಿಗೆ, ಅಂದರೆ ಶೀಲ್ಡ್, ಎಲ್ಲೋ ಬಿಟ್ಟಿದೆ. ಎರಡು ಆಂಪ್ ಜೋಡಿಸಿದಾಗ ಮಾತ್ರ ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಗ್ರೌಂಡ್ ಸೇರಿ ಆದ ಸುತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಆಂಪ್‌ನ ಅರ್ಥಿಂಗ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ತಂತಿ ಹಿಡಿದವರ ಪ್ರಾಣಕ್ಕೇ ಅಪಾಯ.

ನಿಮ್ಮಲ್ಲಿ ಇರುವುದೇ ಒಂದು ಆಂಪ್ ಆದರೆ ಎರಡು ಚಾನಲನ್ನು ನೇರವಾಗಿ ಗಂಟು ಹಾಕಬೇಡಿ, ಒಂದು ಇನ್ನೊಂದನ್ನು ಎಳೆಯುತ್ತದೆ. ಒಂದೊಂದಕ್ಕೂ 10 ಕಿಲೊ ಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ, ಇಲ್ಲವೇ ಚಿಕ್ಕ ಮಿಕ್ಸರ್‌ನ ಎರಡು ಇನ್‌ಪುಟ್ ಬಳಸಿ.

ಕೆಲವು ಹಳೇ ಪ್ರೀಆಂಪ್‌ಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಹೂತುಬಿಟ್ಟಿರುತ್ತಾರೆ. ಅವನ್ನು ಬಿಚ್ಚಲು ಹೋದರೆ ಚೂರುಗಳಷ್ಟೇ ಕೈಗೆ ಸಿಗುತ್ತವೆ. ಅಂಥದ್ದು ಸತ್ತಿದ್ದರೆ ಹೊಸ ಎರಡು ಚಾನಲ್‌ನ ಪೀಜೋ ಪ್ರೀಆಂಪ್ ಹಾಕಿಸಿ. ಹಳೆಯದನ್ನು ಮಾತ್ರ ಎಸೆಯಬೇಡಿ. ಜಾಕ್, ನಾಬ್, ಸ್ಕ್ರೂ ಸಮೇತ ಕವರಿನಲ್ಲಿ ಹಾಕಿ ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ನಾಳೆ ಗಿಟಾರ್ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.