ಕಣ್ಣು ಕಾಣದವರ ಜೊತೆ ನಾಲ್ಕು ಹೆಜ್ಜೆ: ಗದಗದ ಕಂಡಕ್ಟರ್ ಒಬ್ಬರ ಮಾತು

ಗದಗ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವನಿಗೆ ಕಣ್ಣು ಕಾಣದ ಪ್ರಯಾಣಿಕರು ಹೊಸಬರಲ್ಲ. ಊರಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಅಲ್ಲಿ ಸಂಗೀತ ಕಲಿಯುವ ಹುಡುಗರು ರಜೆಗೆ ಊರಿಗೆ ಹೋಗುತ್ತಾರೆ, ಕಾರ್ಯಕ್ರಮಕ್ಕೆ ಹುಬ್ಬಳ್ಳಿ, ಹಾವೇರಿ ಅಂತ ಓಡಾಡುತ್ತಾರೆ. ಆಶ್ರಮ ಕಟ್ಟಿ ಬೆಳೆಸಿದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ಈಗಿನ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿದವರು. ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿ, ಬಂದ ದುಡ್ಡಿನಲ್ಲಿ ಮಕ್ಕಳಿಗೆ ಅನ್ನ ಹಾಕಿದರು, ವಿದ್ಯೆ ಕೊಟ್ಟರು. ಪುಟ್ಟರಾಜ ಅಜ್ಜಾರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ಫೋಟೋ ಇಲ್ಲದ ಅಂಗಡಿ ನಮ್ಮ ಕಡೆ ಕಡಿಮೆ.

ಆದರೆ ಅದೇ ಅಂಗಡಿ ಮುಂದೆ ಕೋಲು ಹಿಡಿದು ನಿಂತ ಹುಡುಗನನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ರಟ್ಟೆ ಹಿಡಿದು ಎಳೆಯುತ್ತೇವೆ. ಅವನು ಆ ಕಡೆ ದಾಟಬೇಕೋ, ಇಲ್ಲೇ ಯಾರಿಗಾದರೂ ಕಾಯುತ್ತಿದ್ದಾನೋ ಕೇಳುವುದೇ ಇಲ್ಲ. ಕೆಲವರು ಕೈಯಲ್ಲಿ ಎರಡು ರೂಪಾಯಿ ಇಟ್ಟು ಹೋಗಿಬಿಡುತ್ತಾರೆ. ಬಿ.ಎ. ಓದುವ ಹುಡುಗ, ಬಸ್ಸಿಗೆ ನಿಂತವನು, ಆ ನಾಣ್ಯ ಹಿಡಿದುಕೊಂಡು ಏನು ಮಾಡಬೇಕು? ಇದನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ. ಹೇಗೆ ಅನ್ನುವುದು ಗೊತ್ತಿಲ್ಲ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಇದರಲ್ಲಿ ಮುಕ್ಕಾಲು ಪಾಲು ಹೇಳಿಕೊಟ್ಟವರು ಒಬ್ಬ ಹಾರ್ಮೋನಿಯಂ ಮಾಸ್ತರರು. ಪಾಠ ಹೇಳಲು ಗದಗದಿಂದ ಹುಬ್ಬಳ್ಳಿಗೆ ನನ್ನ ಬಸ್ಸಿನಲ್ಲೇ ಬರುತ್ತಿದ್ದರು. ಅಣ್ಣಿಗೇರಿ ದಾಟುವಷ್ಟರಲ್ಲಿ ಟಿಕೆಟ್ ಕೆಲಸ ಮುಗಿಯುತ್ತಿತ್ತು, ಆಮೇಲೆ ನಮ್ಮ ಮಾತು.

ಮೊದಲು ಬಾಯಿ ತೆರೆಯಬೇಕು, ಆಮೇಲೆ ಕೈ. ಹತ್ತಿರ ಹೋಗಿ, ಜೋರಾಗಿ ಕೂಗದೆ, ಮಾಮೂಲಿ ದನಿಯಲ್ಲಿ ಹೇಳಿ: "ಅಣ್ಣಾರ, ನಾನು ನಿಮ್ಮ ಬಾಜೂಕ ನಿಂತೀನ್ರಿ. ದಾಟಬೇಕೇನ್ರಿ? ಜೋಡಿ ಬರ್ಲೇನ್ರಿ?" ಅವರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಗದ್ದಲದಲ್ಲಿ ಯಾರನ್ನು ಮಾತಾಡಿಸುತ್ತಿದ್ದೀರಿ ಅಂತ ಗೊತ್ತಾಗದಿದ್ದರೆ, ಕೈ ಹಿಂಭಾಗವನ್ನು ಒಮ್ಮೆ ಹಗುರವಾಗಿ ಮುಟ್ಟಿದರೆ ಸಾಕು. "ಬ್ಯಾಡ್ರಿ, ನಾ ಹೋಗ್ತೀನಿ" ಅಂದರೆ ಬಿಟ್ಟುಬಿಡಿ. ಬೇಜಾರು ಮಾಡಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ. ದಿನಾ ಓಡಾಡುವ ದಾರಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹೂಂ ಅಂದರೆ, ನೀವು ಅವರನ್ನು ಹಿಡಿಯಬೇಡಿ. ನಿಮ್ಮನ್ನು ಅವರು ಹಿಡಿಯಲಿ. ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಮೊಣಕೈಯನ್ನು ಅವರ ಕೈಗೆ ತಾಗಿಸಿ. ಮೊಣಕೈಗಿಂತ ಸ್ವಲ್ಪ ಮೇಲೆ ಅವರೇ ಹಿಡಿದುಕೊಳ್ಳುತ್ತಾರೆ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನೀವು ತಿರುಗಿದ್ದು, ನಿಂತಿದ್ದು, ಕೆಳಗೆ ಇಳಿದಿದ್ದು ಎಲ್ಲ ನಿಮ್ಮ ತೋಳಿನಿಂದಲೇ ಅವರಿಗೆ ತಿಳಿಯುತ್ತದೆ. ಬೇಡ ಅನಿಸಿದಾಗ ಕೈ ಬಿಡುವುದೂ ಅವರ ಕೈಯಲ್ಲೇ ಇರುತ್ತದೆ. ಹಿಂದಿನಿಂದ ತಳ್ಳಿದರೆ ಮುಂದೆ ಗಟಾರ ಇದೆಯೋ ಮೆಟ್ಟಿಲು ಇದೆಯೋ ಮೊದಲು ಗೊತ್ತಾಗುವುದು ಅವರ ಕಾಲಿಗೆ. ಅದು ಎಷ್ಟು ಹೆದರಿಕೆಯ ಕೆಲಸ ಅಂತ ಒಮ್ಮೆ ಕಣ್ಣು ಮುಚ್ಚಿ ನಿಮ್ಮ ಅಂಗಳದಲ್ಲೇ ನಡೆದು ನೋಡಿ. ಕೋಲನ್ನಂತೂ ಮುಟ್ಟಲೇಬೇಡಿ. ಕೋಲಿನ ತುದಿ ಹಿಡಿದು ಎಳೆದುಕೊಂಡು ಹೋಗುವವರನ್ನು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ನೋಡಿ ನನಗೆ ಸಂಕಟವಾಗಿದೆ. ನೆಲ ಹೇಗಿದೆ ಅಂತ ತಿಳಿಯಲು ಅವರಿಗಿರುವುದು ಅದೊಂದೇ. ಅದನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಇಕ್ಕಟ್ಟಾದ ಜಾಗ ಬಂದರೆ, ಅಂದರೆ ತರಕಾರಿ ಗಾಡಿಗಳ ನಡುವೆ, ನಿಲ್ಲಿಸಿದ ಬೈಕುಗಳ ನಡುವೆ, ನಿಮ್ಮ ತೋಳನ್ನು ಬೆನ್ನ ಹಿಂದೆ ಸರಿಸಿ. ಅವರು ನಿಮ್ಮ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ಒಂದು ಕ್ಷಣ ನಿಂತು "ಮೆಟ್ಟಿಲು, ಮ್ಯಾಲೆ" ಅಥವಾ "ಮೆಟ್ಟಿಲು, ಕೆಳಗ" ಅನ್ನಿ. ಬರೀ "ಹುಷಾರು!" ಅಂತ ಕೂಗಬೇಡಿ. ಎಡಕ್ಕೋ, ಬಲಕ್ಕೋ, ತಲೆಗೋ, ಕಾಲಿಗೋ ತಿಳಿಯದ ಹುಷಾರು ಯಾರಿಗೂ ಉಪಯೋಗವಿಲ್ಲ. "ಅಲ್ಲಿ ಐತ್ರಿ", "ಈ ಕಡೆ ಬರ್ರಿ" ಕೂಡ ಹಾಗೇ. ಬಲಕ್ಕೆ ಮೂರು ಹೆಜ್ಜೆ ಅಂದರೆ ಅರ್ಥವಾಗುತ್ತದೆ. ಮಳೆ ಜೋರಾಗಿದ್ದಾಗ ಮಾತ್ರ ಬೇಡ ಅಂದರೂ ಇನ್ನೊಮ್ಮೆ ಕೇಳಿ. ಸದ್ದಿನಿಂದಲೇ ದಾರಿ ತಿಳಿಯುವವರಿಗೆ ಮಳೆ ಬಂದರೆ ದಾರಿಯೇ ಮುಚ್ಚಿಹೋಗುತ್ತದೆ. ಸದ್ದೇ ಮಾಡದ ಬ್ಯಾಟರಿ ಸ್ಕೂಟರ್‌ಗಳೂ ಈಗ ಜಾಸ್ತಿಯಾಗಿವೆ, ಅಲ್ವಾ?

ಇನ್ನು ಬಸ್ಸು. ನಮ್ಮ ಇಲಾಖೆಯವರು ಓದುತ್ತಿದ್ದರೆ ಇದು ಅವರಿಗೂ ಸೇರಿ. ಕಣ್ಣು ಕಾಣದವರು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಬೋರ್ಡು ಓದಿ ಹೇಳುವವರು ಬೇಕು. ಸುಮ್ನೆ ನಿಂತಿದ್ದೀರಾ? "ಯಾವ ಬಸ್ಸಿಗೆ ನಿಂತೀರ್ರಿ?" ಅಂತ ಕೇಳಿ, ಬಂದಾಗ ಹೇಳಿ. ನಿಮ್ಮ ಬಸ್ಸು ಮೊದಲು ಬಂದರೆ ಪಕ್ಕದವರಿಗೆ ವಹಿಸಿ ಹೋಗಿ. ಹತ್ತುವಾಗ ಎತ್ತಬೇಡಿ, ಸೊಂಟ ಹಿಡಿದು ನೂಕಬೇಡಿ. ಅವರ ಕೈಯನ್ನು ಬಾಗಿಲ ಪಕ್ಕದ ಕಂಬಿಗೆ ತಾಗಿಸಿ, ಅಷ್ಟೇ. ಉಳಿದದ್ದನ್ನು ಕಾಲು ಹುಡುಕಿಕೊಳ್ಳುತ್ತದೆ. ಸೀಟಿನ ವಿಷಯದಲ್ಲೂ ಹಾಗೇ: ಸೀಟಿನ ಬೆನ್ನಿನ ಮೇಲೆ ಅವರ ಕೈ ಇಟ್ಟರೆ ಸಾಕು, ಹೆಗಲು ಅದುಮಿ ಕೂಡಿಸುವುದು ಬೇಡ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ನೆಲ ಒಂದೇ ಮಟ್ಟ, ಹಾಗಾಗಿ ಅಲ್ಲಿ ಹತ್ತುವ ತ್ರಾಸು ಕಡಿಮೆ. ಉಳಿದ ಬಸ್ಸುಗಳಲ್ಲಿ ಮೊದಲ ಮೆಟ್ಟಿಲು ಎತ್ತರ. ಡ್ರೈವರ್ ಬಸ್ಸನ್ನು ಕಟ್ಟೆಗೆ ಹತ್ತಿರ ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ.

ಕಂಡಕ್ಟರ್‌ಗಳಿಗೆ ಒಂದು ಮಾತು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡುವುದು ನಮ್ಮ ರೂಢಿ. ಕಣ್ಣು ಕಾಣದವರಿಗೆ ಆ ಬರಹ ಏನು ಮಾಡುತ್ತದೆ? ಅವರಿಗೆ ಬಾಕಿ ಇಡಬೇಡಿ, ಅಲ್ಲೇ ಕೊಟ್ಟುಬಿಡಿ. ಕೊಡುವಾಗ ಕಂತೆಯಾಗಿ ಕೈಗೆ ತುರುಕಬೇಡಿ. ಒಂದೊಂದೇ ನೋಟು ಇಟ್ಟು ಹೇಳಿ: "ಇದು ನೂರು, ಇದು ಐವತ್ತು, ಇವು ಹತ್ತರವು ಎರಡು." ಇದು ಕಿರಾಣಿ ಅಂಗಡಿಗೂ ಅನ್ವಯ. ಯಾಕೆ ಅಂತ ಮಾಸ್ತರರು ಒಂದು ದಿನ ನೋಟುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಈಗಿನ ನೂರರ ನೋಟು 142 ಮಿಲಿಮೀಟರ್ ಉದ್ದ, ಇನ್ನೂರರದು 146, ಐನೂರರದು 150. ಅಗಲ ಮೂರಕ್ಕೂ ಒಂದೇ, 66. ನೂರಕ್ಕೂ ಇನ್ನೂರಕ್ಕೂ ಬರೀ ನಾಲ್ಕು ಮಿಲಿಮೀಟರ್ ವ್ಯತ್ಯಾಸ! ಅಂಚಿನಲ್ಲಿ ಉಬ್ಬು ಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆಗಳ ನಡುವೆ ಎರಡು ವೃತ್ತ, ಐನೂರಕ್ಕೆ ಐದು ಗೆರೆ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ. ಕೈಯಿಂದ ಕೈಗೆ ಸವೆದ, ಬೆವರು ಕುಡಿದ ನೋಟಿನಲ್ಲಿ ಸಿಗುವುದಿಲ್ಲ. ಸ್ಮಾರ್ಟ್‌ಫೋನ್ ಇದ್ದವರಿಗೆ ರಿಸರ್ವ್ ಬ್ಯಾಂಕಿನ ಮನಿ (MANI) ಅನ್ನುವ ಆ್ಯಪ್ ಇದೆ. 2020ರ ಜನವರಿಯಲ್ಲಿ ಬಂದಿದ್ದು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ. ನಿಮ್ಮ ಪರಿಚಯದವರ ಫೋನಿಗೆ ಅದನ್ನು ಹಾಕಿಕೊಡಿ.

ಲಗೇಜಿನ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಒಮ್ಮೆ ಹಾವೇರಿ ಟ್ರಿಪ್ಪಿನಲ್ಲಿ ಒಬ್ಬ ಹುಡುಗನ ಚೀಲದ ಮೇಲೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಮೂಟೆ ಇಟ್ಟಿದ್ದರು. ಮೂಟೆ ಇಳಿಸಿದ ಮೇಲೆ ಅವನು ಚೀಲದಿಂದ ದಪ್ಪ ಪುಸ್ತಕ ತೆಗೆದು, ಹಾಳೆ ಮೇಲೆ ಬೆರಳು ಆಡಿಸಿದ. ಒಂದು ಕಡೆ ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಬಂದು ಹುಡುಕಿತು. ಬ್ರೈಲ್ ಅಂದರೆ ಆರು ಚುಕ್ಕೆಗಳ ಆಟ. ಹಾಳೆ ಮೇಲೆ ಉಬ್ಬಿರುವ ಚುಕ್ಕೆ ಚಪ್ಪಟೆಯಾದರೆ ಅಕ್ಷರವೇ ಹೋದಂತೆ. ಕೈಯಿಂದ ಬರೆಯುವಾಗ ಪಟ್ಟಿ ಇಟ್ಟು, ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕೆ ಚುಚ್ಚಬೇಕು, ಆಮೇಲೆ ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಅಷ್ಟು ಕಷ್ಟದ ಬರಹ ಅದು. ಅವರ ಚೀಲದ ಮೇಲೆ ಏನನ್ನೂ ಇಡಬೇಡಿ.

ಮನೆಗೆ ಕರೆದಾಗ ಊಟದ ಮುಂದೆ ಕೂಡಿಸಿ ಎಲ್ಲರೂ ಗಾಬರಿಯಾಗುತ್ತಾರೆ. ತುತ್ತು ಮಾಡಿ ಇಡುವುದು, ಬಾಯಿಗೆ ಹಿಡಿಯುವುದು ಬೇಡ. ತಾಟಿನಲ್ಲಿ ಯಾವುದು ಎಲ್ಲಿದೆ ಅಂತ ಹೇಳಿ: "ರೊಟ್ಟಿ ನಿಮ್ಮ ಹತ್ರ, ಎಣಗಾಯಿ ಆಚೆ ತುದಿಗೆ, ಶೇಂಗಾ ಚಟ್ನಿ ಬಲಕ್ಕ, ನೀರಿನ ತಂಬಿಗಿ ಎಡಕ್ಕ." ಗಡಿಯಾರದ ಲೆಕ್ಕದಲ್ಲಿ ಹನ್ನೆರಡಕ್ಕೆ, ಮೂರಕ್ಕೆ ಅಂತಲೂ ಹೇಳಬಹುದು. ಆದರೆ ಹುಟ್ಟಿನಿಂದ ಕಣ್ಣಿಲ್ಲದ ಕೆಲವರಿಗೆ ಅದು ಒಗ್ಗುವುದಿಲ್ಲ, ಅವರನ್ನೇ ಕೇಳಿ. ಮತ್ತೆ, ಜೊತೆಗೆ ಬಂದವರ ಕಡೆ ತಿರುಗಿ "ಇವರಿಗೆ ಚಹಾ ಬೇಕೇನ್ರಿ?" ಅನ್ನಬೇಡಿ. ಅವರು ಎದುರಿಗೇ ಕೂತಿದ್ದಾರೆ. ಹೆಗಲು ಮುಟ್ಟಿ "ನಾ ಯಾರು ಹೇಳ್ರಿ ನೋಡೋಣ" ಅನ್ನುವ ಆಟವೂ ಬೇಡ. ಮಾಸ್ತರರಿಗೆ ಸಿಟ್ಟು ಬರುತ್ತಿದ್ದುದು ಅದೊಂದಕ್ಕೇ. ನಿಮ್ಮ ಹೆಸರು ಹೇಳಿ ಮಾತು ಶುರು ಮಾಡಿ, ಎದ್ದು ಹೋಗುವಾಗ "ನಾ ಹೊಂಟೆ" ಅಂತ ಹೇಳಿ ಹೋಗಿ. ಇಲ್ಲದಿದ್ದರೆ ಅವರು ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾ ಕೂತಿರಬೇಕಾಗುತ್ತದೆ.

ಹಳ್ಳಿ ಕಡೆ ಇನ್ನೂ ಒಂದು ನೋವಿದೆ. ಕಣ್ಣು ಕಾಣದ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಮನೆಯೊಳಗೇ ಇಟ್ಟುಕೊಳ್ಳುತ್ತಾರೆ. ಹಿಂದಿನ ಜನ್ಮದ ಕರ್ಮ ಅಂತಾರೆ. ನಿಮ್ಮ ಓಣಿಯಲ್ಲಿ ಅಂಥ ಮಗು ಇದ್ದರೆ ತಂದೆತಾಯಿಯ ಜೊತೆ ವಾದ ಮಾಡಬೇಡಿ. ಹೋಗಿ ಕೂತು, ದಾರಿ ಹೇಳಿ. ಗ್ರಾಮ ಪಂಚಾಯತಿಯಲ್ಲಿ ವಿಆರ್‌ಡಬ್ಲ್ಯು, ತಾಲೂಕು ಪಂಚಾಯತಿಯಲ್ಲಿ ಎಂಆರ್‌ಡಬ್ಲ್ಯು ಅಂತ ಅಂಗವಿಕಲರ ಕೆಲಸಕ್ಕೇ ನೇಮಿಸಿದವರಿದ್ದಾರೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸುವುದು ಹೇಗೆ ಅಂತ ಅವರು ಹೇಳುತ್ತಾರೆ. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂತ ವೈದ್ಯರು ಬರೆದರೆ ಮಾಸಾಶನ, ಬಸ್ ಪಾಸ್, ವಿದ್ಯಾರ್ಥಿವೇತನ ಕೇಳಲು ದಾರಿ ಆಗುತ್ತದೆ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಕನಿಷ್ಠ ಶೇಕಡಾ 4 ಮೀಸಲು, ಅದರಲ್ಲಿ 1 ಕಣ್ಣಿನ ತೊಂದರೆ ಇರುವವರಿಗೆ. ಕೆಲಸ ಸಿಗುವ ದಾರಿ ಇದೆ ಅಂತ ಗೊತ್ತಾದಾಗ ಅಪ್ಪಂದಿರ ಮಾತಿನ ಧಾಟಿ ಬದಲಾಗಿದ್ದನ್ನು ಕಂಡಿದ್ದೇನೆ. ಚುನಾವಣೆ ದಿನ ಮತ ಹಾಕಲು 18 ದಾಟಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಯಂತ್ರದ ಗುಂಡಿ ಪಕ್ಕದಲ್ಲಿ ಬ್ರೈಲ್ ಅಂಕಿಗಳೂ ಇವೆ, ಓದಲು ಬಂದವರಿಗೆ ಜೊತೆ ಬೇಕಾಗುವುದೇ ಇಲ್ಲ.

ಕೊನೆಗೆ, ಕಾಲೇಜು ಓದುವ ಮಕ್ಕಳಿಗೆ ಒಂದು ಕೆಲಸ. ಕಣ್ಣು ಕಾಣದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತರ ಹೇಳುತ್ತಾ ಹೋದರೆ, ಅದನ್ನು ಬರೆಯುವವರು ಬೇಕು. ಇವರನ್ನು ಸ್ಕ್ರೈಬ್ ಅನ್ನುತ್ತಾರೆ. ವಿದ್ಯಾರ್ಥಿಯೇ ಕರೆತಂದ ಸ್ಕ್ರೈಬ್ ಸಾಮಾನ್ಯವಾಗಿ ಅವನಿಗಿಂತ ಒಂದು ಹಂತ ಕೆಳಗೆ ಓದಿರಬೇಕು. ಹಾಗಾಗಿ ಪದವಿ ಓದುವವನಿಗೆ ಪಿಯುಸಿ ಹುಡುಗಿಯೇ ಬೇಕಾಗುತ್ತಾಳೆ, ದೊಡ್ಡವರಾದ ನಮ್ಮ ಕೈಯಲ್ಲಿ ಆಗುವುದಿಲ್ಲ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡುತ್ತಾರೆ, ಮೂರು ಗಂಟೆ ಪರೀಕ್ಷೆ ನಾಲ್ಕು ಗಂಟೆ ಆಗುತ್ತದೆ. ಅಷ್ಟು ಹೊತ್ತು ಕೈ ನೋಯುತ್ತದೆ, ಮೊದಲೇ ಹೇಳುತ್ತಿದ್ದೇನೆ. ಪ್ರಶ್ನೆಯನ್ನು ಎರಡು ಸಲ ನಿಧಾನವಾಗಿ ಓದಿ, ಅಂಕ ಎಷ್ಟು ಅಂತಲೂ ಹೇಳಿ. ಅವರು ಹೇಳಿದ್ದನ್ನೇ ಬರೆಯಿರಿ, ನಿಮಗೆ ಚೆನ್ನಾಗಿ ಗೊತ್ತಿರುವ ಉತ್ತರವಾದರೂ ಸೇರಿಸಬೇಡಿ. ಹೆಸರುಗಳ ಕಾಗುಣಿತ ಕೇಳಿ. ಅರ್ಧ ಗಂಟೆಗೊಮ್ಮೆ ಎಷ್ಟು ಸಮಯ ಉಳಿದಿದೆ ಅಂತ ತಿಳಿಸಿ. ಪರೀಕ್ಷೆಗೆ ಒಂದೆರಡು ದಿನ ಮೊದಲು ಭೇಟಿಯಾಗಿ ಒಂದು ಹಳೇ ಪ್ರಶ್ನೆಪತ್ರಿಕೆ ಬರೆದು ನೋಡಿದರೆ ಇಬ್ಬರಿಗೂ ಒಬ್ಬರ ವೇಗ ಒಬ್ಬರಿಗೆ ಹಿಡಿಸುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಸ್ಕ್ರೈಬ್ ಸಿಗದೆ ಹುಡುಗರು ಒದ್ದಾಡುತ್ತಾರೆ. ಕಾಲೇಜು ಶುರುವಾದ ತಿಂಗಳಲ್ಲೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ನಿಮ್ಮ ಹೆಸರು, ಫೋನ್ ನಂಬರ್ ಬರೆಸಿ ಬನ್ನಿ.