ಸತ್ತರಿಯ ತೋಟಗಳಲ್ಲಿ ಸಿಸಿಲಿಯನ್ ಸಮೀಕ್ಷೆ: ಖಾಲಿ ಗುಂಡಿಯನ್ನೂ ಬರೆದಿಡಿ

ಗೋವಾದ ಸತ್ತರಿ ತಾಲ್ಲೂಕಿನ ಕೇರಿಯಲ್ಲಿ ಸಿಕ್ಕ ಸಿಸಿಲಿಯನ್ನಿಗೆ 2007ರಲ್ಲಿ ಗೆಜೆನಿಯೋಫಿಸ್ ಗೋವಾಎನ್ಸಿಸ್ ಎಂದು ಹೆಸರಿಟ್ಟರು. ಕಪ್ಪೆಯ ಹಾಗೆ ಉಭಯಚರ. ಆದರೆ ಕಾಲಿಲ್ಲ, ಕಣ್ಣು ಮೂಳೆಯಡಿ, ಬದುಕು ಮಣ್ಣೊಳಗೆ. ಈ ಬಳಗದ ಹಲವು ಪ್ರಭೇದಗಳು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಎಂಬ ಖಾನೆಯಲ್ಲೇ ಬಹುಕಾಲ ಉಳಿದವು. ನನ್ನ ಮಟ್ಟಿಗೆ ಇಲ್ಲಿ ಸಿಕ್ಕ ಜೀವಿಯ ಫೋಟೊಗಿಂತ, ಅಗೆದೂ ಏನೂ ಸಿಗದ ಖಾಲಿ ಗುಂಡಿಯ ಲೆಕ್ಕಕ್ಕೇ ಬೆಲೆ ಹೆಚ್ಚು. ಅದಿಲ್ಲದಿದ್ದರೆ ಜೀವಿ ಅಪರೂಪವೋ, ಅಗೆದವರೇ ಇಲ್ಲವೋ ಹೇಳಲಾಗದು.

ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುದ್ದಲಿ ಮುಟ್ಟುವುದಿಲ್ಲ. ನಾನು ಹೆಚ್ಚಾಗಿ ಅಗೆಯುವುದು ಕುಳಾಗರಗಳಲ್ಲಿ (ಗೋವಾದ ಅಡಿಕೆ ತೋಟಗಳು), ಮಾಲೀಕರನ್ನು ಕೇಳಿ, ಮಳೆ ಹಿಡಿದು ಮಣ್ಣು ಮೆತ್ತಗಾದ ಮೇಲೆ. ಬೇಸಿಗೆಯಲ್ಲಿ ಸಿಸಿಲಿಯನ್ನುಗಳು ಆಳಕ್ಕಿಳಿಯುತ್ತವೆ. ಆಗ ಸಿಗಲಿಲ್ಲ ಎಂದು ಬರೆದರೆ ಲೆಕ್ಕ ತಪ್ಪು ದಾರಿಗೆ ಎಳೆಯುತ್ತದೆ.

ಹಗ್ಗ ಕಟ್ಟಿ 1 ಮೀಟರ್ ಚೌಕ ಗುರುತಿಸುತ್ತೇನೆ. ಮೊದಲು ತರಗೆಲೆ ಕೈಯಿಂದ ಸರಿಸಿ ಒಂದು ಕಡೆ ಇಡಬೇಕು. ಆಮೇಲೆ ಅಂಚಿನಿಂದ ಒಳಕ್ಕೆ, ತೆಳ್ಳಗೆ, 30 ಸೆಂ.ಮೀ. ಆಳದವರೆಗೆ. ಗುದ್ದಲಿ ಮೇಲಿನಿಂದ ಜೋರಾಗಿ ಬಿದ್ದರೆ ಜೀವಿ ತುಂಡಾಗುತ್ತದೆ. ಮಣ್ಣನ್ನು ಮಗುಚಿ ಹೆಂಟೆಯನ್ನು ಬೆರಳಲ್ಲಿ ಒಡೆಯಬೇಕು. ಅಡಿಕೆ ಬುಡದ ಬೇರಿನ ಸಂದಿ, ಗೊಬ್ಬರ ಗುಡ್ಡೆಯ ಅಂಚು, ಕೊಳೆತ ಸೋಗೆಯ ಅಡಿ ಒಳ್ಳೆಯ ಜಾಗಗಳು. ಆದರೆ ಒಳ್ಳೆಯ ಜಾಗ ಮಾತ್ರ ಆರಿಸಿದರೆ ಸಮೀಕ್ಷೆ ಅನಿಸಿಕೊಳ್ಳದು. ಕೆಲವು ಚೌಕಗಳನ್ನು ಚೀಟಿ ಎತ್ತಿ ಗೊತ್ತು ಮಾಡುತ್ತೇನೆ.

ಕೈಗೆ ಸೊಳ್ಳೆ ಮುಲಾಮು, ಸ್ಯಾನಿಟೈಸರ್ ಇರಕೂಡದು. ಸಿಸಿಲಿಯನ್ನಿನ ತೆಳು ಚರ್ಮ ಅದನ್ನು ಹೀರುತ್ತದೆ. ಒದ್ದೆ ಅಂಗೈಯಲ್ಲಿ ಹಿಡಿದಾಗ ಅದು ಬೆರಳ ಸಂದಿಗೆ ತಲೆ ಒತ್ತಿ ನುಗ್ಗುವ ಬಲಕ್ಕೆ ಬೆರಗಾಗುತ್ತದೆ. ಲೋಳೆಯ ಕೆಳಗೆ ಮೈಸುತ್ತ ಉಂಗುರಗಳು ಸಾಲಾಗಿ ಕಾಣುತ್ತವೆ. ಎರೆಹುಳವೆಂದೋ ಹುಳುಹಾವೆಂದೋ ಮೋಸಹೋಗಬಾರದು. ಎರೆಹುಳಕ್ಕೆ ಇದರ ಹಾಗೆ ದವಡೆ, ಹಲ್ಲು ಇಲ್ಲ. ಹುಳುಹಾವಿನ ಮೈ ಒಣಗಿದ್ದು ಹೊಳೆಯುವ ಹುರುಪೆ ಇರುತ್ತದೆ. ಸ್ಕೇಲ್ ಪಕ್ಕದಲ್ಲಿಟ್ಟು ತಲೆಯ ಬದಿ, ಇಡೀ ಮೈಯ ಪಕ್ಕ, ಮೈಯ ಹಿಂತುದಿ ಮೂರನ್ನೂ ಫೋಟೊ ತೆಗೆಯಬೇಕು. ಪ್ರಭೇದ ಗುರುತಿಗೆ ಉಂಗುರಗಳ ಎಣಿಕೆ, ಮೂಗಿನ ಹೊಳ್ಳೆಯಿಂದ ಸ್ಪರ್ಶಾಂಗಕ್ಕೆ (ತಲೆಯ ಬದಿಯ ಪುಟ್ಟ ಮೀಸೆಯಂಥ ಅಂಗ) ಎಷ್ಟು ದೂರ ಎಂಬುದು ಬೇಕೇ ಬೇಕು. ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕಾದರೆ ಅದೇ ಗುಂಡಿಯ ಒದ್ದೆ ಮಣ್ಣು ತುಂಬಿದ ಡಬ್ಬಿ, ನೆರಳಲ್ಲಿ. ಮುಗಿದ ಕೂಡಲೇ ಮಣ್ಣು ಮುಚ್ಚಿ, ತರಗೆಲೆ ಹರಡಿ, ಅಲ್ಲೇ ಬಿಡುತ್ತೇನೆ.

ಇಲ್ಲಿ ತೋಟಗಳಲ್ಲಿ ಅಗೆಯುವವರಲ್ಲಿ ಎಷ್ಟೋ ಜನ ಉತ್ತರ ಕರ್ನಾಟಕದವರು. ಹಾವೆಂದು ಗುದ್ದಲಿ ಎತ್ತುವ ಮುಂಚೆಯೇ “ಯಣ್ಣಾ, ಅದು ಹಾವಲ್ರಿ, ವಿಷ ಇಲ್ಲ, ಹೊಡೀಬ್ಯಾಡ್ರಿ” ಎಂದು ಹೇಳಿಟ್ಟರೆ, ಮುಂದೆ ಅವರೇ ತೋರಿಸಿ ಕರೆಯುತ್ತಾರೆ. ಅವರು ತೋರಿಸಿದ್ದನ್ನು ‘ಆಕಸ್ಮಿಕ’ ಎಂದು ಬೇರೆ ಸಾಲಿನಲ್ಲಿ ಬರೆಯಬೇಕು. ಚೌಕದ ಲೆಕ್ಕಕ್ಕೆ ಬೆರೆಸಬಾರದು.

ಪ್ರತಿ ಚೌಕಕ್ಕೂ ಜಿಪಿಎಸ್, ದಿನಾಂಕ, ಆಳ, ಮಣ್ಣಿನ ಉಷ್ಣತೆ, ಬೆಳೆ, ಕಳೆನಾಶಕ ಹೊಡೆದಿದ್ದಾರೆಯೇ, ಹತ್ತಿರ ಕಲ್ಲುಕ್ವಾರಿ ಇದೆಯೇ ಬರೆಯಬೇಕು. ಐಯುಸಿಎನ್ ಲೆಕ್ಕದಲ್ಲಿ ಜೀವಿ ನೆಲೆಸಿದ ಪ್ರದೇಶವನ್ನು 2 ಕಿ.ಮೀ. ಚೌಕಗಳಲ್ಲಿ ಎಣಿಸುತ್ತಾರೆ, ಒಂದೇ ದಾಖಲೆ ಎಂದರೆ 4 ಚದರ ಕಿ.ಮೀ. ಒಟ್ಟು ಪ್ರದೇಶ 500 ಚದರ ಕಿ.ಮೀ.ಗಿಂತ ಕಡಿಮೆ ಎಂದಮಾತ್ರಕ್ಕೆ ‘ಅಪಾಯದಲ್ಲಿದೆ’ ಎನ್ನಲಾಗದು. ಜೊತೆಗೆ ನೆಲೆ ಕುಗ್ಗುತ್ತಿದೆ, ಹರಿದು ಹಂಚಿಹೋಗಿದೆ ಎಂಬಂಥ ಪುರಾವೆಯೂ ಬೇಕು. ಅದು ಬರುವುದು ಈ ಬೆಳೆ, ಕ್ವಾರಿಯ ಟಿಪ್ಪಣಿಗಳಿಂದಲೇ.

ಇನ್ನೊಂದು ತೋಟಕ್ಕೆ ಕಾಲಿಡುವ ಮುಂಚೆ ಬೂಟು, ಗುದ್ದಲಿ ಉಜ್ಜಿ ತೊಳೆದು ಚೆನ್ನಾಗಿ ಒಣಗಿಸಿ. ಉಭಯಚರಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆ ಸಾಗುತ್ತದೆ, ಒಣಗಿದರೆ ಸಾಯುತ್ತದೆ.