ಕರಡು ಠರಾವಿನೊಂದಿಗೆ ಸಾಮಾನ್ಯ ಸಭೆ: ನನ್ನ ಅನುಭವ

ನಮ್ಮ ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆ ಈಗ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಸದಸ್ಯರು ಏಳುವ ಮೊದಲೇ, ಸಭೆಯ ತೀರ್ಮಾನಗಳನ್ನು ಬರೆಯುವ ನಡಾವಳಿ ಪುಸ್ತಕದಲ್ಲಿ ಪ್ರತಿ ವಿಷಯದ ಕೆಳಗೂ ಅಧ್ಯಕ್ಷರ ಸಹಿ ಬಿದ್ದಿರುತ್ತದೆ. ಪ್ರತಿ ವಿಷಯದ ಠರಾವಿನ, ಅಂದರೆ ತೀರ್ಮಾನದ, ಕರಡನ್ನು ಮೊದಲೇ ಬರೆದು ಸಭೆಗೆ ಒಯ್ಯುವುದೇ ಇದಕ್ಕೆ ಕಾರಣ. ಪಕ್ಕದ ತಾಲ್ಲೂಕುಗಳ ಸಹೋದ್ಯೋಗಿಗಳು ಇದನ್ನು ಈಗಲೂ ಪೂರ್ತಿ ನಂಬುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಪ್ರಥಮ ದರ್ಜೆ ಸಹಾಯಕರಂತೂ, "ಸದಸ್ಯರ ಮುಂದೆ ಠರಾವು ಬರೆದುಕೊಂಡು ಹೋಗುತ್ತೀಯೇನಯ್ಯಾ? ಪುಸ್ತಕ ಹರಿದು ಕೈಗೆ ಕೊಡುತ್ತಾರೆ" ಎಂದಿದ್ದರು. ಯಾರೂ ಹರಿಯಲಿಲ್ಲ. ಈಚೆಗೆ ಅವರೇ ಫೋನ್ ಮಾಡಿ ನಮೂನೆ ಕಳಿಸು ಎಂದಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

1964ರ ಕರ್ನಾಟಕ ಪುರಸಭೆಗಳ ಅಧಿನಿಯಮ, ನೋಟಿಸಿನ ಅವಧಿ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಇವೆಲ್ಲ ಸಭೆಯ ಕಾಗದಪತ್ರ ನೋಡಿಕೊಳ್ಳುವ ಸಭಾ ಶಾಖೆಯವರಿಗೆ ಬಾಯಿಪಾಠ. ನೇರವಾಗಿ ರೋಗದ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಗದ್ದಲ ನಡೆಯುತ್ತದೆ, ಯಾರೋ "ಆಯಿತು, ಮುಂದಿನ ವಿಷಯ" ಎನ್ನುತ್ತಾರೆ, ಗುಮಾಸ್ತ ಪುಸ್ತಕದಲ್ಲಿ ಅರ್ಧ ಪುಟ ಖಾಲಿ ಬಿಡುತ್ತಾನೆ. ಹತ್ತು ಹದಿನೈದು ದಿನ ಕಳೆದ ಮೇಲೆ ಅಲ್ಲಿ "ಸುದೀರ್ಘವಾಗಿ ಚರ್ಚಿಸಿ ತೀರ್ಮಾನಿಸಲಾಯಿತು" ಎಂದು ತುಂಬಿಸುತ್ತಾನೆ. ಮುಂದಿನ ತಿಂಗಳು ಹಿಂದಿನ ನಡಾವಳಿ ಓದಿ ದೃಢೀಕರಿಸುವಾಗ "ನಾನು ಹೀಗೆ ಹೇಳಿಯೇ ಇರಲಿಲ್ಲ" ಎಂದು ಒಬ್ಬರು ಎದ್ದರೆ ಮಧ್ಯಾಹ್ನದವರೆಗೂ ಮೊದಲ ವಿಷಯವೇ ಮುಗಿಯುವುದಿಲ್ಲ.

ಇದರಲ್ಲಿ ಹಣ ಹೇಗೆ ಸೋರುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ನಡಾವಳಿಗೆ ಸಹಿಯಾಗದೆ ಬಿಲ್ಲಿಲ್ಲ. ಮೋಟಾರು ರಿವೈಂಡಿಂಗ್ ಮಾಡಿದವನಿಗೆ, ಬೀದಿದೀಪದ ಸಾಮಾನು ಕೊಟ್ಟವನಿಗೆ, ಬ್ಲೀಚಿಂಗ್ ಪೌಡರ್ ಇಳಿಸಿದವನಿಗೆ ನಾಲ್ಕೈದು ತಿಂಗಳು ಹಣವಿಲ್ಲ. ಅವರೇನು ದಡ್ಡರೇ? ಮುಂದಿನ ದರಪಟ್ಟಿಯಲ್ಲಿ ಆ ಬಡ್ಡಿಯನ್ನೂ ಸೇರಿಸಿಯೇ ಬರೆಯುತ್ತಿದ್ದರು. ಅಂಗಡಿಯಲ್ಲಿ ರೈತರಿಗೆ ಒಂಬತ್ತೂವರೆ ಸಾವಿರಕ್ಕೆ ಆಗುವ 10 ಎಚ್‌ಪಿ ಮೋಟಾರಿನ ಕೆಲಸಕ್ಕೆ ನಮಗೆ ಹನ್ನೆರಡು ಸಾವಿರ ಹಾಕುತ್ತಿದ್ದರು. ಮೂರು ದರಪಟ್ಟಿ ತರಿಸಿದರೂ ಮೂರೂ ಹಾಗೆಯೇ.

ಮೊದಲು ಮಾಡಿದ ಪ್ರಯತ್ನಗಳು ನೆಲಕಚ್ಚಿದವು. ಎಲ್ಲ ದಾಖಲೆಗಳನ್ನೂ ಲಗತ್ತಿಸಿ ನಲವತ್ತು ಪುಟದ ಕಾರ್ಯಸೂಚಿ ಹಂಚಿದೆವು. ಜೆರಾಕ್ಸಿಗೇ ಪ್ರತಿ ಸಭೆಗೆ ಎರಡು ಎರಡೂವರೆ ಸಾವಿರ. ಮನೆಯಲ್ಲಿ ಯಾರೂ ಓದಲಿಲ್ಲ, ಸಭೆಯಲ್ಲಿ ಎಲ್ಲರೂ ಓದತೊಡಗಿದರು. ಸಣ್ಣ ಬಿಲ್ಲುಗಳನ್ನೆಲ್ಲ ಕೆಲವೇ ಸದಸ್ಯರಿರುವ ಸ್ಥಾಯಿ ಸಮಿತಿಗೆ ಕಳಿಸೋಣವೆಂದರೆ ಸಮಿತಿಯೇ ರಚನೆಯಾಗಿರಲಿಲ್ಲ. 2018ರಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೂ ಅಧಿಕಾರವಿಲ್ಲದೆ ಕುಳಿತದ್ದು ಈ ಕ್ಷೇತ್ರದವರಿಗೆಲ್ಲ ನೆನಪಿರುತ್ತದೆ. ಸದಸ್ಯರ ಬದಲು ಸರ್ಕಾರದ ಆಡಳಿತಾಧಿಕಾರಿಯೇ ಇದ್ದ ಆ ಕಾಲದಲ್ಲಿ ಒಂದೇ ಸಹಿಗೆ ಕೆಲಸವಾಗುತ್ತಿತ್ತು, ನಿಜ. ಆದರೆ ನಾಲ್ಕನೇ ವಾರ್ಡಿನ ವಾಲ್ವ್ ಯಾವ ಚರಂಡಿಯೊಳಗಿದೆ ಎಂದು ಹೇಳುವವರು ಸಭೆಯಲ್ಲಿ ಇರುತ್ತಿರಲಿಲ್ಲ. ಪ್ರೊಜೆಕ್ಟರನ್ನೂ ತಂದು ನೋಡಿದೆವು. ಕರೆಂಟು ಹೋದಾಗಲೆಲ್ಲ ಸಭೆ ನಿಲ್ಲುತ್ತಿತ್ತು. ಈಗ ಅದು ಆಯವ್ಯಯ ಪೂರ್ವಭಾವಿ ಸಭೆಯ ದಿನ ಮಾತ್ರ ಕಪಾಟಿನಿಂದ ಹೊರಬರುತ್ತದೆ.

ಕೊನೆಗೆ ಕೆಲಸ ಮಾಡಿದ ಪದ್ಧತಿ ಹೀಗಿದೆ. ಪ್ರತಿ ವಿಷಯಕ್ಕೆ ಅರ್ಧ ಪುಟ, ಅಷ್ಟೇ. ಉದಾಹರಣೆಗೆ ಒಂದನ್ನು ನೆನಪಿನಿಂದ ಬರೆಯುತ್ತೇನೆ:

"ವಿಷಯ 6: 4ನೇ ವಾರ್ಡಿನ ಕೊಳವೆಬಾವಿಯ ಮೋಟಾರು ದುರಸ್ತಿ. ಕನಿಷ್ಠ ದರ ರೂ. 11,800. ಲೆಕ್ಕ ಶೀರ್ಷಿಕೆ: ನೀರು ಸರಬರಾಜು ನಿರ್ವಹಣೆ. ಆಯವ್ಯಯದಲ್ಲಿ ಇಟ್ಟದ್ದು 14 ಲಕ್ಷ, ಈವರೆಗೆ ಖರ್ಚು 9.60 ಲಕ್ಷ. ಕರಡು ಅ: ಸದರಿ ದರಕ್ಕೆ ಅನುಮೋದಿಸಿ, ಬಿಲ್ಲು ಪಾವತಿಸಲು ಮುಖ್ಯಾಧಿಕಾರಿಗಳಿಗೆ ಅಧಿಕಾರ ನೀಡಲು ತೀರ್ಮಾನಿಸಲಾಯಿತು. ಕರಡು ಆ: ದರ ಹೆಚ್ಚೆಂದು ಕಂಡುಬಂದಿರುವುದರಿಂದ ಮರು ದರಪಟ್ಟಿ ಪಡೆಯಲು ತೀರ್ಮಾನಿಸಲಾಯಿತು."

ಕೆಳಗೆ ಎರಡು ಸಾಲು ಖಾಲಿ, ತಿದ್ದುಪಡಿಗೆ. ಅದರ ಕೆಳಗೆ ಇನ್ನೊಂದು ಸಾಲು, ಆಕ್ಷೇಪಿಸಿದ ಸದಸ್ಯರ ಹೆಸರಿಗೆ.

ಆರಂಭದಲ್ಲಿ ಕರಡು ಒಂದೇ ಇತ್ತು. ಹಿರಿಯ ಸದಸ್ಯರೊಬ್ಬರು, "ತೀರ್ಮಾನವನ್ನೂ ನೀವೇ ಬರೆದು ತಂದ ಮೇಲೆ ನಾವು ಕಾಫಿಗೆ ಬರಬೇಕೇ ಸಾಹೇಬರೇ?" ಎಂದು ಕೇಳಿ ಹೊರನಡೆದರು. ಅವರ ಹಿಂದೆ ಇನ್ನೂ ನಾಲ್ವರು ಎದ್ದರು, ಕೋರಂ ಮುರಿಯಿತು. ಆ ರಾತ್ರಿಯೇ "ಕರಡು ಆ" ಹುಟ್ಟಿದ್ದು. ತಿರಸ್ಕಾರದ ಠರಾವೂ ಅಷ್ಟೇ ಅಚ್ಚುಕಟ್ಟಾಗಿ ಎದುರಿಗಿದ್ದರೆ ಕೂಗಾಡುವ ಅಗತ್ಯವೇ ಬೀಳುವುದಿಲ್ಲ. ಬೇಕು ಬೇಡ ಎಂಬ ಜಗಳ ನಿಂತು, "ಆರು ತಿಂಗಳ ಗ್ಯಾರಂಟಿ ಎಂದು ಸೇರಿಸಿ", "ಹಳೆಯ ತಾಮ್ರದ ತಂತಿಯನ್ನು ಕಚೇರಿಗೆ ಜಮಾ ಮಾಡಬೇಕು ಎಂದು ಬರೆಯಿರಿ" ಎನ್ನತೊಡಗಿದರು. ತಾಮ್ರದ ಮಾತು ತೆಗೆದವರು ಹೊರನಡೆದಿದ್ದ ಅದೇ ಹಿರಿಯರು. ಆ ಗುಜರಿಯ ಹರಾಜಿನಿಂದ ಮೊದಲ ವರ್ಷವೇ ಇಪ್ಪತ್ತು ಸಾವಿರದಷ್ಟು ಬಂತು.

ಒಪ್ಪಿದ ಪಾಠವನ್ನು ಅಲ್ಲೇ ಪುಸ್ತಕಕ್ಕೆ ಬರೆದು, ಗಟ್ಟಿಯಾಗಿ ಓದಿ, ಅಧ್ಯಕ್ಷರ ಸಹಿ ಪಡೆದ ಮೇಲೆಯೇ ಮುಂದಿನ ವಿಷಯ. ಕೈಬರಹ ವೇಗವಾಗಿರುವ ಒಬ್ಬರು ಬೇಕು, ನಮ್ಮಲ್ಲಿ ಬಿಲ್ ಕಲೆಕ್ಟರ್ ಒಬ್ಬರು ಸಿಕ್ಕರು. ವಿಷಯಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ, ಮೂರನೆಯ ವಿಷಯವಾಗಿ ಎಂಥದ್ದನ್ನು ಇಡುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ನಾಲ್ಕೈದು ಸಭೆ ಹೀಗೆ ನಡೆದ ಮೇಲೆ ಬಿಲ್ಲುಗಳು ತಿಂಗಳೊಳಗೆ ಪಾವತಿಯಾಗತೊಡಗಿದವು. ಸುದ್ದಿ ಅಂಗಡಿಗಳಿಗೆ ನಮಗಿಂತ ಬೇಗ ಮುಟ್ಟಿತು. ರಿವೈಂಡಿಂಗ್ ಹತ್ತು ಸಾವಿರದೊಳಗೆ ಬಂತು, ವಿದ್ಯುತ್ ಸಾಮಾನಿನ ದರ ಶೇ 12ರಷ್ಟು ಇಳಿಯಿತು. ಒಟ್ಟಾರೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಉಳಿದಿದೆ ಎಂದು ನನ್ನ ಅಂದಾಜು. "ಸಭಾ ಠರಾವು ಇರುವುದಿಲ್ಲ" ಎಂಬ ಲೆಕ್ಕಪರಿಶೋಧನಾ ಆಕ್ಷೇಪಣೆಗಳು ಎರಡಂಕಿಯಿಂದ ಒಂದೆರಡಕ್ಕೆ ಇಳಿದವು.

ಜೊತೆಗೆ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಎಂಬಲ್ಲಿ ಬೀದಿದೀಪದ ದೂರುಗಳೇ ಗಂಟೆಗಟ್ಟಲೆ ನುಂಗುತ್ತಿದ್ದವು. ವಾರ್ಡಿಗೊಂದು ದೂರು ಪುಸ್ತಕ ಇಟ್ಟು, ಕಿರಿಯ ಅಭಿಯಂತರರು ಮತ್ತು ಆರೋಗ್ಯ ನಿರೀಕ್ಷಕರು ಸಭೆಗೆ ಮುಂಚೆಯೇ ಉತ್ತರ ಬರೆಯುವಂತೆ ಮಾಡಿದೆ. ಅರ್ಧ ವಾರ್ಡುಗಳಲ್ಲಿ ಫಲಿಸಿತು, ಉಳಿದವರಿಗೆ ಎದ್ದುನಿಂತು ಮಾತನಾಡುವುದೇ ಬೇಕು. ಇನ್ನೊಂದು ಪಂಚಾಯಿತಿ ಮಳಿಗೆಗಳ ಬಾಡಿಗೆ. ಬಾಕಿದಾರರ ಹೆಸರು ಓದಿದರೆ ಅರ್ಧ ಸಭೆಗೆ ನೆಂಟಸ್ತಿಕೆ ನೆನಪಾಗುತ್ತಿತ್ತು. ಹೆಸರು ಬಿಟ್ಟು ಬರೀ ಮಳಿಗೆ ಸಂಖ್ಯೆ, ಬಾಕಿ ಮೊತ್ತ ಅಚ್ಚು ಹಾಕಿದೆ. ಯಾರ ಮಳಿಗೆ ಯಾವುದೆಂದು ಊರಿಗೆಲ್ಲ ಗೊತ್ತು, ಆದರೆ ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಎರಡು ಲಕ್ಷಕ್ಕೂ ಮೇಲೆ ವಸೂಲಾಯಿತು.

ಅನುದಾನದ ಕ್ರಿಯಾಯೋಜನೆಗೆ ಈ ಪದ್ಧತಿ ನಡೆಯುವುದಿಲ್ಲ. ಪರಿಶಿಷ್ಟ ಜಾತಿ-ಪಂಗಡಗಳಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರ ಮೀಸಲು ತೆಗೆದು ಉಳಿದದ್ದನ್ನು ವಾರ್ಡುಗಳಿಗೆ ಹಂಚುವಾಗ ಎರಡಲ್ಲ, ಹತ್ತು ಕರಡು ಬರೆದರೂ ಸಾಲದು. ಅದಕ್ಕೆ ವಿಶೇಷ ಸಭೆಯನ್ನೇ ಕರೆಯಿರಿ, ಮೋಟಾರು ದುರಸ್ತಿಯ ಜೊತೆ ಸೇರಿಸಬೇಡಿ. ನಮೂನೆ ಬೇಕಾದವರಿಗೆ ಕೊಡುತ್ತೇನೆ. ಆದರೆ ಲೆಕ್ಕ ಶೀರ್ಷಿಕೆಯಲ್ಲಿ, ಅಂದರೆ ಆ ಖರ್ಚಿನ ಬಾಬ್ತಿನಲ್ಲಿ, ಉಳಿದಿರುವ ಹಣವನ್ನು ಸಭೆಯ ಹಿಂದಿನ ದಿನ ಲೆಕ್ಕಿಗರಿಂದ ಬರೆಸಿಕೊಳ್ಳಿ, ನೋಟಿಸು ಹೊರಟ ದಿನದ ಅಂಕಿಯನ್ನು ನಂಬಬೇಡಿ.